ಅವ್ವನ ಹೆಸರಿನ ನಾಲ್ಕು ಕಾಗದ

ಚಾಮರಾಜಪುರಂ, ಮೈಸೂರು
18-7-1956

ಮಗಳೇ ಚಂದ್ರಮತಿ,

ನಿನ್ನ ಅಪ್ಪ ಶಿವಮಲ್ಲಪ್ಪ ಈ ಸಲ ತನ್ನದೇ ಹೆಸರಿನಲ್ಲಿ ಬರೆಯುತ್ತಿರುವ ಕಾಗದ.

ಮೈ ಹೇಗಿದೆ? ಬಾಣಂತಿ ಖಾರ ಬಿಡದೆ ತಿನ್ನುತ್ತಿದ್ದೀಯಾ? ಕೂಸಿಗೆ ಹಾಲು ಸಾಲುತ್ತಿದೆಯೇ? ದೊಡ್ಡವಳು ತಂಗಿಯನ್ನು ಎತ್ತಿಕೊಳ್ಳುತ್ತೇನೆಂದು ಹಟ ಮಾಡುತ್ತಾಳಂತೆ. ಎತ್ತಿಕೊಳ್ಳಲಿ, ನೀನು ಕೆಳಗೆ ಕೈ ಕೊಟ್ಟಿರು. ಅರಸೀಕೆರೆಯಲ್ಲಿ ಗಾಳಿ ಜಾಸ್ತಿ, ಕಿವಿಗೆ ಹತ್ತಿ ಇಟ್ಟುಕೋ. ನಾನು ಸೌಖ್ಯ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಹೀಗೆ ಬರುತ್ತದಲ್ಲ ಎಂದು ನಾಚಿಕೆಪಡಬೇಕು ಅನ್ನಿಸುತ್ತದೆ, ಆ ನಾಚಿಕೆಯೂ ಸರಿಯಾಗಿ ಬರುವುದಿಲ್ಲ.

ಅಳಿಯಂದಿರ ಕಾಗದ ಸೋಮವಾರ ಬಂತು. ಅವ್ವ ಹೋದ ವಿಷಯ ನಿನಗೆ ತಿಳಿಸಿದರಂತೆ. ನೀನು ಅಳಲಿಲ್ಲವಂತೆ. ಎದ್ದು ಹೋಗಿ, ಅವ್ವನ ಹೆಸರಿನಲ್ಲಿ ನಾನು ಬರೆದಿದ್ದ ನಾಲ್ಕು ಕಾಗದಗಳನ್ನು ತಂದು ಅವರ ಕೈಗಿಟ್ಟು, ‘ಇವನ್ನ ನೀರೊಲೆಗೆ ಹಾಕ್ಬುಡಿ, ಎಲ್ಲ ಸುಳ್ಳು’ ಅಂದೆಯಂತೆ. ಆಮೇಲೆ ನನ್ನ ಹೆಸರನ್ನೇ ಎತ್ತಿಲ್ಲವಂತೆ. ಅವರಿನ್ನೂ ಒಲೆಗೆ ಹಾಕಿಲ್ಲ, ನನ್ನನ್ನೊಂದು ಮಾತು ಕೇಳೋಣವೆಂದು ಇಟ್ಟುಕೊಂಡಿದ್ದಾರೆ. ಒಳ್ಳೆಯ ಮನುಷ್ಯ. ರೈಲ್ವೆಯವರಿಗೆ ಸಿಗ್ನಲ್ ಬೀಳುವವರೆಗೆ ಕಾಯುವುದು ಗೊತ್ತು.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಜೂನ್ ಎಂಟನೇ ತಾರೀಕು, ಜ್ವರ ಹಿಡಿದ ಐದನೆಯ ದಿನ, ಆಸ್ಪತ್ರೆಯಲ್ಲಿ ಅವ್ವ ಹೋದಳು. ನಿನಗೆ ಆಗ ಎಂಟು ತಿಂಗಳು ತುಂಬಿತ್ತು. ಮಣ್ಣು ಮಾಡಿ ಬಂದು ಕಾಲು ತೊಳೆಯುವ ಮೊದಲೇ ಹಿನಕಲ್ಲಿನ ನಿನ್ನ ದೊಡ್ಡಪ್ಪ, ‘ಬಸ್ರಿ ಹೆಂಗ್ಸಿಗೆ ಈ ಸುದ್ದಿ ಮುಟ್ಟುಸ್ಬ್ಯಾಡ ಕಣೋ, ಎಲ್ಡು ಜೀವ ಅದೆ’ ಅಂದರು. ಎಲ್ಲರೂ ಹೂಂ ಅಂದರು. ನಾನೂ ಅಂದೆ, ಅವರ ಮೇಲೆ ಹಾಕಿ ಜಾರಿಕೊಳ್ಳುವುದಿಲ್ಲ. ಆದರೆ ಅವ್ವ ವಾರಕ್ಕೊಂದು ಕಾಗದ ತಪ್ಪಿಸಿದವಳಲ್ಲ. ತಪ್ಪಿದರೆ ನೀನು ಆ ಹೊಟ್ಟೆ ಹೊತ್ತುಕೊಂಡೇ ರೈಲು ಹತ್ತುವವಳು. ಅದಕ್ಕೇ ‘ಅವ್ವನ ಬಲಗೈಗೆ ಉಗುರುಸುತ್ತು ಆಗಿದೆ, ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ’ ಎಂದು ಶುರು ಮಾಡಿದೆ. ಶುರು ಮಾಡಿ ಅಲ್ಲೇ ನಿಂತೆ. ಅವಳ ಕಾಗದದಲ್ಲಿ ಮುಕ್ಕಾಲು ಪಾಲು ಆ ವಾರ ಓದಿದ ಪುಸ್ತಕದ ಮಾತೇ ಅಲ್ಲವೇ? ನಮ್ಮಲ್ಲಿ ಬೈಂಡಿಂಗಿಗೆ ಬಂದ ಪುಸ್ತಕ ಯಾವುದೇ ಇರಲಿ, ಅವಳ ತೊಡೆಯ ಮೇಲೆ ಎರಡು ದಿನ ಕೂತಿದ್ದೇ ಹೊಲಿಗೆಗೆ ಹೋಗಬೇಕು. ನಾನೋ, ಹನ್ನೆರಡನೇ ವಯಸ್ಸಿಗೆ ಹಿನಕಲ್ಲಿನಿಂದ ನಡೆದು ಬಂದು, ಮೈದಾ ಅಂಟು ಕಲಸುತ್ತಾ ಅಕ್ಷರ ಕಲಿತವನು. ಮೂವತ್ತು ವರ್ಷದಲ್ಲಿ ಎಷ್ಟೋ ಸಾವಿರ ಪುಸ್ತಕಕ್ಕೆ ರಟ್ಟು ಕಟ್ಟಿದ್ದೇನೆ, ಓದಿದ್ದು ಪುಟದ ಸಂಖ್ಯೆ ಮಾತ್ರ. ‘ನೀವು ಬುಡಿ, ಮದ್ವೆ ಮನೇಲಿ ಚಪ್ಲಿ ಕಾಯೋರು’ ಎಂದು ಹಂಗಿಸುತ್ತಿದ್ದಳು.

ಹಾಗಾಗಿ ಓದಿದೆ ಕಣಮ್ಮ. ಒಂದು ತಿಂಗಳಲ್ಲಿ ಆರು ಪುಸ್ತಕ, ಸಾವಿರದ ನೂರಾ ಹನ್ನೆರಡು ಪುಟ. ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳೋ ಅದನ್ನು ಹುಡುಕಿಕೊಂಡು ಓದಿದೆ. ಮೊದಲು ಸಿಕ್ಕಿದ್ದು ಒಂದು ಪತ್ತೇದಾರಿ ಕಾದಂಬರಿ. ಕೊಲೆ ಮಾಡಿದವನು ಮನೆಯ ವೈದ್ಯನೇ ಎಂದು ಮೊದಲ ಕಾಗದದಲ್ಲೇ ಬರೆದುಬಿಟ್ಟೆ. ಓದಿದ ದಿನವೇ ನೀನು ‘ಅವ್ವ ಯಾವತ್ತೂ ಕೊನೆ ಹೇಳಲ್ಲ’ ಅಂದಿದ್ದೆಯಂತೆ. ಮೊದಲ ಹೆಜ್ಜೆಗೇ ಸಿಕ್ಕಿಬಿದ್ದದ್ದು ತಿಳಿಯದೆ ನಾನು ಇನ್ನೂ ಮೂರು ಬರೆದೆ. ನೀನು ಅಷ್ಟಕ್ಕೂ ಉತ್ತರ ಕೊಟ್ಟೆ. ‘ಅವ್ವನ ಬೆರಳು ಹೇಗಿದೆ, ಬೇವಿನ ಸೊಪ್ಪು ಅರೆದು ಕಟ್ಟಿ’ ಎಂದು ಪ್ರತಿ ಸಲ ಬರೆದೆ. ಅನುಮಾನ ಇಟ್ಟುಕೊಂಡೇ ಕೇಳುತ್ತಿದ್ದೆ ಎಂದು ಈಗ ಗೊತ್ತಾಗಿ, ಆ ಉತ್ತರಗಳನ್ನು ಮತ್ತೊಮ್ಮೆ ಓದಲು ಧೈರ್ಯವಾಗಿಲ್ಲ.

ಎರಡನೆಯದು ಸಂಸಾರದ ಕಾದಂಬರಿ, ಮುನ್ನೂರು ಪುಟ. ಮಧ್ಯದಲ್ಲಿ ಆ ಮನೆಯ ತಾಯಿ ಸಾಯುತ್ತಾಳೆ. ಬಾಡಿಗೆ ಲೈಬ್ರರಿಯ ಪುಸ್ತಕ, ನನಗಿಂತ ಮೊದಲು ಓದಿದವರ ಕಣ್ಣೀರು ಬಿದ್ದು ಆ ಪುಟ ಸುಕ್ಕಾಗಿತ್ತು. ನನಗೆ ಮೂಲೆ ಹರಿದಿರುವುದು ಕಂಡಿತು, ತೆಳ್ಳನೆಯ ಕಾಗದದ ಪಟ್ಟಿ ಅಂಟಿಸಿ ಮುಂದಿನ ಪುಟ ತಿರುವಿದೆ. ಒಂದು ವ್ಯಾಕರಣ ಓದಿದೆ, ಅದರಲ್ಲಿ ಯಾರೂ ಸಾಯುವುದಿಲ್ಲ, ಆರಾಮವಾಗಿತ್ತು. ಹಸುಗೂಸಿನ ಆರೈಕೆಯ ಬಗ್ಗೆ ಒಬ್ಬ ಡಾಕ್ಟರು ಬರೆದದ್ದನ್ನು ಓದಿದೆ. ಎಣ್ಣೆ ನೀರು ಹಾಕುವುದನ್ನೆಲ್ಲ ಬೈದಿದ್ದಾನೆ. ಅವ್ವನ ಕೈಗೆ ಸಿಕ್ಕಿದ್ದರೆ ಅವನನ್ನೇ ಬಚ್ಚಲಿಗೆ ಎಳೆದು ಎಣ್ಣೆ ಹಚ್ಚಿ ಕೂರಿಸುತ್ತಿದ್ದಳು. ಒಬ್ಬ ಸನ್ಯಾಸಿಯ ಚರಿತ್ರೆ, ಕೋಳಿ ಸಾಕುವವರಿಗೆಂದು ಸರ್ಕಾರದವರು ಹಾಕಿಸಿದ ಪುಸ್ತಕ, ಇವೆರಡನ್ನೂ ಒಂದೇ ವಾರ ಓದಿದೆ. ಓದುತ್ತಾ ಓದುತ್ತಾ ಹೊಲಿದುಬಿಟ್ಟೆ. ಮಾರನೆಯ ದಿನ ನಮ್ಮ ಹುಚ್ಚಯ್ಯ ಅಂಚು ಕತ್ತರಿಸಲು ಎತ್ತಿಕೊಂಡವನು ಪುಟ ತಿರುವಿ, ‘ಯಜಮಾನ್ರೇ, ಇದೇನ್ ಮಾಡ್ಬುಟ್ರಿ, ಕೋಳಿ ಗೂಡ್ನೊಳಕ್ಕೆ ಸನ್ನೇಸಿ ಎಂಗೆ ಬಂದ?’ ಎಂದ. ನೋಡಿದರೆ ಮೊಟ್ಟೆಗೆ ಕಾವು ಕೊಡುವ ಅಧ್ಯಾಯದ ನಡುವೆ ಸನ್ಯಾಸಿ ಹದಿನಾರು ಪುಟ ಧ್ಯಾನಕ್ಕೆ ಕೂತಿದ್ದಾನೆ. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಇಂಥದ್ದು ಆಗಿರಲಿಲ್ಲ. ಹುಚ್ಚಯ್ಯ ನಾನು ನಗುತ್ತೇನೆಂದು ಕಾದ, ಇಲ್ಲ ಬೈಯುತ್ತೇನೆಂದಾದರೂ ಕಾದ. ಎರಡೂ ಆಗಲಿಲ್ಲ. ದಾರ ಕತ್ತರಿಸಿ, ಬಿಚ್ಚಿ, ಮತ್ತೆ ಹೊಲಿದೆ.

ಇಷ್ಟು ಓದಿ ನನಗೆ ತಿಳಿದದ್ದು ಕಡಿಮೆ. ಪುಸ್ತಕ ಬರೆದವರು ದುಃಖ ಅಂದರೆ ಹೊಳೆ ಬಂದ ಹಾಗೆ ಎಂದು ಬರೆಯುತ್ತಾರೆ. ನನಗೆ ಹಾಗೇನೂ ಇಲ್ಲ. ಅಂಟು ಮೆತ್ತಿ ಒಣಗಿದ ಬೆರಳಿನ ಹಾಗಿದೆ. ಮುಟ್ಟಿದ್ದು ರಟ್ಟೋ ಬಟ್ಟೆಯೋ ತಿಳಿಯುವುದಿಲ್ಲ. ನಿನ್ನನ್ನು ಅವಳ ಮಣ್ಣಿಗೆ ಬರದಂತೆ ಮಾಡಿದೆ, ಕ್ಷಮಿಸು ಎಂದು ಕೇಳಲು ಕೂತು ಇಷ್ಟುದ್ದ ಬರೆದಿದ್ದೇನೆ. ಕ್ಷಮಿಸಲೇಬೇಕೆಂಬ ಬಲವಂತವಿಲ್ಲ. ನನ್ನ ಜಾಗದಲ್ಲಿ ನೀನಿದ್ದು ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನೀರೊಲೆಯನ್ನೇ ನೋಡುತ್ತಿದ್ದೆ.

ಅಳಿಯಂದಿರಿಗೆ ನನ್ನ ಶರಣು ತಿಳಿಸು. ಮಕ್ಕಳಿಬ್ಬರ ನೆತ್ತಿಯ ಮೇಲೂ, ನೀನು ಬೇಡ ಅನ್ನದಿದ್ದರೆ ನಿನ್ನ ನೆತ್ತಿಯ ಮೇಲೂ, ಇಲ್ಲಿಂದಲೇ ಕೈ ಇಟ್ಟಿದ್ದೇನೆ.

ನಿನ್ನ ಅಪ್ಪ,
ಶಿವಮಲ್ಲಪ್ಪ

ಮರೆಯುವ ಮೊದಲು: ಹುಚ್ಚಯ್ಯ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾನೆ, ಟಪಾಲಿನ ಹೊತ್ತಾಯಿತು. ಮೂರನೆಯ ಕಾಗದ ಸುಡಬೇಡ. ಅದರಲ್ಲಿ ಕೋಳಿ ಪುಸ್ತಕದ ಮಾತಿನ ಕೆಳಗೆ ಮೂರು ಸಾಲಿದೆ. ಅದು ನಾನು ಹೊಸೆದದ್ದಲ್ಲ. ಆಸ್ಪತ್ರೆಯಲ್ಲಿ, ಹೋಗುವ ಹಿಂದಿನ ದಿನ, ‘ಚಂದ್ರಿಗೆ ಬರೀರಿ’ ಎಂದು ಅವ್ವ ಬಾಯಿಬಿಟ್ಟು ಹೇಳಿದ್ದು. ಆಸ್ಪತ್ರೆ ಚೀಟಿಯ ಹಿಂದೆ ಗೀಚಿಕೊಂಡಿದ್ದೆ, ಒಂದಕ್ಷರ ಬದಲಿಸದೆ ಇಳಿಸಿದೆ: ‘ಈ ಸಲಾನೂ ಹೆಣ್ಣಾದ್ರೆ ಮೊಕ ಸಣ್ಣ ಮಾಡ್ಕಬ್ಯಾಡ ಕಣವ್ವ. ನೀನು ಹುಟ್ದಾಗ ನಾನು ಗ್ವಾಡೆ ಕಡೆ ತಿರುಗಿ ಮಲ್ಗ್ಬುಟ್ಟೆ, ಒಂದು ದಿನ ಪೂರ್ತಿ ನಿನ್ನ ಎತ್ಕಳ್ನಿಲ್ಲ. ಅದು ತಪ್ಪಾಯ್ತು.’ ಉಳಿದ ಮೂರು ಕಾಗದ ನನ್ನವು. ಅವನ್ನು ಒಲೆಗೆ ಹಾಕು.