ನಲವತ್ತು ಗಜ

27-7-55, ಬುಧವಾರ. ಗುಂಡ್ಲುಪೇಟೆ
ಸ್ಕೂಲು ಬಿಟ್ಟು ನೋಟ್ಸ್ ತಿದ್ದುತ್ತಿದ್ದೆ. ಭಾವ ಬಂದರು. ಸೋಮವಾರದಿಂದ ಅವರು ಓಡಿಸುವ ಬಸ್ಸಿಗೆ ಹೊಸ ಟೈಮಿಂಗ್ ಅಂತೆ. ಹಂಗಳದ ಇಳಿಜಾರಿನಲ್ಲಿ ಹದಿನೈದು ಮೈಲಿ ವೇಗದಲ್ಲಿ ಹೋಗ್ತಿದ್ದವರು ಮೂವತ್ತರಲ್ಲಿ ಹೋಗಬೇಕು.

"ಸ್ಟಾಪು ಇಪ್ಪತ್ತು ಗಜ ಇರೋವಾಗ ಬ್ರೇಕ್ ಮೆಟ್ತೀನಿ. ಗುರ್ತಿಗೆ ಕಲ್ಗೆ ಸುಣ್ಣ ಬಳ್ದಿವ್ನಿ. ಇನ್ಮೇಲೆ ಎಲ್ಲಿಗೆ ಬಳೀಲಿ ಮೇಷ್ಟ್ರೇ?"

ತಲೆ ಎತ್ತದೆ ಹೇಳಿದೆ — ವೇಗ ಡಬಲ್, ದೂರ ಡಬಲ್. ನಲವತ್ತು ಗಜ. ಇಷ್ಟಕ್ಕೆ ಮೇಷ್ಟ್ರು ಬೇಕಾ!

29-7-55, ಶುಕ್ರವಾರ
ಕ್ಲಾಸಿನಲ್ಲಿ ಚಲಿಸುವ ವಸ್ತುವಿನ ಶಕ್ತಿ. ಅರ್ಧ ಎಂ ವಿ ಸ್ಕ್ವೇರ್. ಬೋರ್ಡಿನ ಮೇಲೆ ಬರೆಯುತ್ತಾ ಕೈ ನಿಂತಿತು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಬ್ರೇಕು ಅದೇ. ಹಾಗಾದರೆ ದೂರವೂ ನಾಲ್ಕರಷ್ಟು... ಎಂಬತ್ತು ಗಜ! ನಲವತ್ತಕ್ಕೆ ಬ್ರೇಕ್ ಹಿಡಿದರೆ ಸ್ಟಾಪಿನ ಹತ್ತಿರ ಇನ್ನೂ ಇಪ್ಪತ್ತೊಂದು ಮೈಲಿ ವೇಗ ಇರುತ್ತದೆ. ಅಯ್ಯೋ ಶಿವನೇ.

31-7-55, ಭಾನುವಾರ
ಹೇಳಲೆಂದೇ ಅಕ್ಕನ ಮನೆಗೆ ಹೋದೆ. ಜಗಲಿ ತುಂಬ ಜನ. ಭಾವನದು ಒಂದೇ ಮಾತು — "ನಮ್ ಮೇಷ್ಟ್ರು ಪುಸ್ತಕನೂ ನೋಡ್ದಲೆ ಏಳ್ಬುಟ್ರು ಕಣ್ರಲಾ!" ಎಲ್ಲರೂ ನನ್ನನ್ನೇ ನೋಡಿದರು. ತಪ್ಪು ಹೇಳಿದೆ ಅನ್ನಲು ನಾಚಿಕೆ. ಅಕ್ಕ ಇನ್ನೊಂದು ದೋಸೆ ಹಾಕಿದಳು. ತಿಂದೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರೇ ಸಿಗುತ್ತಾರೆ, ಆಗ ಹೇಳಿದರಾಯಿತು.

1-8-55, ಸೋಮವಾರ
ಆರೂವರೆಗೆ ಓಡಿದೆ. ಹೊಸ ಟೈಮಿಂಗ್... ಬಸ್ಸು ಆರಕ್ಕೇ ಬಿಟ್ಟಿತ್ತು.

10-8-55, ಬುಧವಾರ. ಚಾಮರಾಜನಗರ, 11 ಗಂಟೆ
ಒಂಬತ್ತು ದಿನ ಪೆನ್ನು ಮುಟ್ಟಲಿಲ್ಲ.

ಆ ಸೋಮವಾರ ಬಸ್ಸು ನಿಲ್ಲದೆ ನುಗ್ಗಿ, ಹಂಗಳದ ಸ್ಟಾಪಿನಲ್ಲಿ ಕೂತಿದ್ದ ರಾಚಮ್ಮ ಅನ್ನುವ ಮುದುಕಿಯ ಕಾಲು ಮುರಿದಿದೆ. ಜೀವಕ್ಕೆ ಭಯವಿಲ್ಲವಂತೆ. ಡ್ರೈವರ್ ಕುಡಿದಿದ್ದ, ಬ್ರೇಕೇ ಹಿಡಿಯಲಿಲ್ಲ ಅಂತ ಓನರ್ ದೂರು. ಭಾವ! ಎಲೆ ಅಡಿಕೆ ಬಿಟ್ಟರೆ ಬೇರೆ ಚಟ ಕಾಣದ ಮನುಷ್ಯ. ಇವತ್ತು ವಿಚಾರಣೆ. ಲೈಸೆನ್ಸ್ ಹೋದರೆ ಅಕ್ಕನ ಮನೆ ಬೀದಿಗೆ ಬೀಳುತ್ತದೆ.

ಆಫೀಸಿನ ವರಾಂಡದಲ್ಲಿ ಪಕ್ಕಪಕ್ಕ ಕೂತಿದ್ದೇವೆ. ಲೆಕ್ಕ ತಪ್ಪಿದ್ದು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದು, ಎಲ್ಲ ಈಗಷ್ಟೇ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಭಾವ ಎಲೆಗೆ ಸುಣ್ಣ ಸವರುತ್ತಾ, "ಒಳಗೆ ನಿಮ್ ಎಸ್ರು ನಾ ಎತ್ತಲ್ಲ ಮೇಷ್ಟ್ರೇ," ಅಂದರು. "ನಾಳೆ ಸ್ಕೂಲ್ ಐಕ್ಲು ನಿಮ್ ಮಾತ ನಂಬ್ಬೇಕಲ್ವಾ?"

ಅಳು ತಡೆಯಲಾಗುತ್ತಿಲ್ಲ. ಜವಾನ ಬಾಗಿಲಿಗೆ ಬಂದ. ಶಾಂತಮಲ್ಲಪ್ಪ ಯಾರು ಅಂತ ಭಾವನ ಹೆಸರು ಕೂಗುತ್ತಿದ್ದಾನೆ. ಭಾವ ಟವೆಲ್ ಕೊಡವುತ್ತಿದ್ದಾರೆ. ಅವರು ಏಳುವುದಕ್ಕೆ ಮೊದಲು ನಾನೇ ಒಳಗೆ ಹೋಗಿ, ಆ ನಲವತ್ತು ಗಜ ನನ್ನ ಲೆಕ್ಕ ಅಂತ —