ಯಾಕೂಪ್ ಮಾವನ ಮನೆಯ ಮಾಂಸ

ದಾಲುರ್, ಸಾಂದೊಯ್ ದ್ವೀಪ
ಭಾನುವಾರ, 20 ನವೆಂಬರ್ 2016

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ದಿನಾ ಫೋನಿನಲ್ಲಿ ಇದನ್ನೇ ಕೇಳುತ್ತೇನೆ, ನೀನೂ ದಿನಾ "ಪರವಾಗಿಲ್ಲ ಕಣೇ" ಅನ್ನುತ್ತೀಯ. ಕಾಗದದಲ್ಲಿ ಕೇಳಿದರೆ ಬೇರೆ ಉತ್ತರ ಸಿಗಬಹುದೇನೋ. ಬಾಯಿಯ ಹುಣ್ಣು ಆರಿತೇ? ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಆ ಡೆನ್ಮಾರ್ಕಿನ ಹೆಂಗಸು ಇನ್ನೂ ಟೀವಿ ಜೋರಾಗಿ ಹಾಕುತ್ತಾಳೆಯೇ? ನಿನ್ನ ತೂಕ ನಲವತ್ತೆಂಟು ಎಂದು ಅಪ್ಪ ನನಗೆ ಹೇಳಿದ. ಸುನ್ನಿವಾ ಅತ್ತೆಗೆ ಹೇಳುವಾಗ ನಲವತ್ಮೂರು ಅಂದದ್ದು ಬಾಗಿಲ ಹಿಂದಿನಿಂದ ನನಗೆ ಕೇಳಿಸಿತು. ನೀನು ಏನೂ ತಿನ್ನುತ್ತಿಲ್ಲ. ಮಂಗಳವಾರ ಫೋನಿನಲ್ಲಿ ನೀನು ಕೇಳಿದ್ದು ಒಂದೇ: ನಮ್ಮ ಗಾಳಿಮನೆಯಲ್ಲಿ ನೇತುಹಾಕಿ ಒಣಗಿಸಿದ ಮಾಂಸದ ಸೂಪು ಎರಡು ಚಮಚ ಸಿಕ್ಕರೆ ನುಂಗಿಯೇನು, ಅಂತ. ಈ ಕಾಗದ ಅದರ ಬಗ್ಗೆಯೇ. ಫೋನಿನಲ್ಲಿ ಹೇಳಲಾಗಲಿಲ್ಲ, ಅಪ್ಪ ಪಕ್ಕದಲ್ಲೇ ನಿಂತಿರುತ್ತಾನೆ.

ಮೊದಲು ಮನೆಯ ಊಟದ ಸಮಾಚಾರ ಹೇಳಿಬಿಡುತ್ತೇನೆ, ನೀನು ಹೇಗೂ ಕೇಳುವವಳು. ಅಪ್ಪ ಮೀನು ಹಿಡಿಯುವ ದೋಣಿಯಿಂದ ಬಂದು ಒಂದು ವಾರವಾಯಿತು. ಸೋಮವಾರ ಬೇಯಿಸಿದ ಮೀನು, ಮಂಗಳವಾರ ಅದರದೇ ಉಳಿಕೆ. ಬುಧವಾರ ನಿನ್ನ ಹಾಗೆ ಕುರಿಕೊಬ್ಬು ಸೇರಿಸಿ ಮೀನುಂಡೆ ಮಾಡುತ್ತೇನೆಂದು ಹೊರಟ, ಉಂಡೆಗಳೆಲ್ಲ ನೀರಿನಲ್ಲಿ ಒಡೆದು ಗಂಜಿಯಾದವು. ಚಮಚದಲ್ಲಿ ಕುಡಿದೆವು. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ, ಬಿಸಿಬಿಸಿಯಾಗಿ ಮುಳ್ಳುಚಮಚಕ್ಕೆ ಚುಚ್ಚಿಕೊಂಡು ಸುಲಿಯುತ್ತಾನೆ, ಬೆರಳು ಸುಟ್ಟುಕೊಳ್ಳುತ್ತಾನೆ, ದಿನಾ. ಎಲ್ಲದಕ್ಕೂ ನಿನ್ನ ರುಬಾರ್ಬ್ ಜಾಮ್ ಸುರಿದುಕೊಳ್ಳುತ್ತಾನೆ, ಮೀನಿಗೂ. ಮೂರು ಸೀಸೆ ಉಳಿದಿವೆ. ನಾನು ಮುಟ್ಟುತ್ತಿಲ್ಲ. ಹೊರಗಡೆ ತಿಂದದ್ದು ಒಂದೇ ಸಲ, ಸ್ಕೋಪುನ್ ಬಂದರಿನ ಅಂಗಡಿಯಲ್ಲಿ ಒಂದು ಸಾಸೇಜು, ಮೇಲೆ ಹುರಿದ ಈರುಳ್ಳಿ. ನೀನು ಹೊರಟ ದಿನ ಅಲ್ಲೇ ನಿಂತು ಬಿಸಿ ಚಾಕಲೇಟು ತೆಗೆದುಕೊಂಡಿದ್ದೆವಲ್ಲ, ನೀನು ಎರಡು ಗುಟುಕು ಕುಡಿದು ನನ್ನ ಕೈಗೆ ಕೊಟ್ಟೆ. ಆಗಲೇ ನನಗೆ ಗೊತ್ತಾಗಬೇಕಿತ್ತು. ನಿನ್ನ ಚಾಕಲೇಟು ನೀನು ಯಾರಿಗೂ ಕೊಟ್ಟವಳಲ್ಲ.

ಈಗ ಮಾಂಸದ ವಿಷಯ. ಅಮ್ಮಾ, ನಮ್ಮ ಗಾಳಿಮನೆ ಖಾಲಿ. ಹನ್ನೊಂದು ಕುರಿಮರಿಗಳ ಮಾಂಸವನ್ನೂ ನಾನು ಕೊಳೆಸಿದೆ.

ಅಕ್ಟೋಬರಿನಲ್ಲಿ ಕಡಿದು ನೇತುಹಾಕುವಾಗ ನೀನು ಫೋನಿನಲ್ಲಿ ಒಂದೊಂದನ್ನೂ ಹೇಳಿಕೊಟ್ಟೆ. ದೊಡ್ಡ ತೊಡೆಗಳು ಬಡಗಣ ಗೋಡೆಗೆ, ಪಕ್ಕೆಲುಬು ಬಾಗಿಲ ಹತ್ತಿರ, ಒಂದಕ್ಕೊಂದು ತಾಗಬಾರದು, ಮೊದಲ ಮೂರು ವಾರ ದಿನಾ ಹೋಗಿ ಮೂಸಬೇಕು. "ಗಾಳಿ ಅಡುಗೆ ಮಾಡುತ್ತೆ ಕಣೇ, ನೀನು ಬರೀ ಕಾವಲು" ಅಂದಿದ್ದೆ. ಅಷ್ಟನ್ನೂ ಮಾಡಿದೆ. ಇಪ್ಪತ್ತೈದನೇ ತಾರೀಖು ನೈಋತ್ಯದಿಂದ ಬಿರುಗಾಳಿ ಬರುತ್ತದೆಂದು ರೇಡಿಯೋ ಹೇಳಿತು. ಹಲಗೆಗಳ ಸಂದಿನಿಂದ ಮಳೆ ಒಳಗೆ ಹೊಡೆದು ಮಾಂಸವೆಲ್ಲ ನೆನೆಯುತ್ತದೆ ಅನ್ನಿಸಿ, ದೋಣಿಮನೆಯಿಂದ ಪ್ಲಾಸ್ಟಿಕ್ ಟಾರ್ಪಾಲು ತಂದು ಮೂರು ಕಡೆಯೂ ಮೊಳೆ ಹೊಡೆದೆ. ಒಂದು ದಿನಕ್ಕೆ ಅಂತ. ಆ ಕೆಲಸ ಮಾಡುವಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು, ಅದನ್ನೂ ಹೇಳಬೇಕು. ಬಿರುಗಾಳಿ ಒಂದೇ ದಿನಕ್ಕೆ ತೀರಿತು. ಮಾರನೆಯ ದಿನ ಬೆಳಿಗ್ಗೆ ಎದ್ದು ಕಾಫಿಗೆ ನೀರಿಟ್ಟೆ. ಎದುರಿಗೆ ನಿನ್ನ ಖಾಲಿ ಕುರ್ಚಿ. ಬೆಂಕಿ ಆರಿಸಿ, ಕೋಟು ಹಾಕಿಕೊಂಡು, ಹಡಗು ಹತ್ತಿ ಟೋರ್ಷಾವ್ನ್ ಪಟ್ಟಣಕ್ಕೆ ಹೋಗಿಬಿಟ್ಟೆ. ಶಾಲೆ ಬಿಟ್ಟಾಗ ಹೋದ ಹಾಗೆಯೇ, ಮೀನಿನ ಕಾರ್ಖಾನೆ ಬಿಟ್ಟಾಗ ಹೋದ ಹಾಗೆಯೇ. ಗೆಳತಿಯೊಬ್ಬಳ ಕೋಣೆಯಲ್ಲಿ ಒಂಬತ್ತು ದಿನ ಬಿದ್ದುಕೊಂಡಿದ್ದೆ. ಕೆಲಸ ಹುಡುಕುತ್ತಿದ್ದೇನೆ ಎಂದು ನಿನಗೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಏನೂ ಮಾಡಲಿಲ್ಲ. ಟಾರ್ಪಾಲಿನ ನೆನಪು ಎರಡನೇ ದಿನವೇ ಬಂದಿತ್ತು. ನಾಳೆ ಹೋದರಾಯಿತು ಅಂದುಕೊಂಡೆ. ಆಮೇಲೆ ನೆನಪಾಗಿದ್ದಕ್ಕೇ ಹೆದರಿ ಹೋಗಲಿಲ್ಲ.

ಆ ಒಂಬತ್ತು ದಿನವೂ ಈ ಕಾಲದಲ್ಲಿ ಇರಬಾರದಷ್ಟು ಬೆಚ್ಚನೆಯ, ಹುಲ್ಲು ಅಲುಗದಷ್ಟು ಗಾಳಿಯಿಲ್ಲದ ಹವೆ. ವಾಪಸು ಬಂದಾಗ ಬೇಲಿಯ ಹತ್ತಿರವೇ ವಾಸನೆ ಹೊಡೆಯಿತು. ಮಾಂಸ ಗಾಳಿಗೆ ಹದವಾಗಿ ಮಾಗುವ ವಾಸನೆ ನನಗೆ ಗೊತ್ತು, ಅದನ್ನು ಮೂಸಿಕೊಂಡೇ ಬೆಳೆದವಳು. ಇದು ಅದಲ್ಲ. ಟಾರ್ಪಾಲು ಕಿತ್ತು, ಹುಳು ಕೆರೆದು, ತೊಳೆದು, ಮತ್ತೆ ನೇತುಹಾಕಿದೆ. ಯಾರಿಗೂ ಹೇಳಲಿಲ್ಲ. ಗಾಳಿ ಬೀಸಿದರೆ ಸರಿಹೋಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ಭಾನುವಾರ ಅಪ್ಪ ಒಂದು ತೊಡೆ ಇಳಿಸಿ ಬೇಯಿಸಿದ. ಈ ವರ್ಷದ ಮೊದಲ ಮಾಂಸ ಎಂದು ಒಳ್ಳೆಯ ತಟ್ಟೆಗಳನ್ನು ಇಟ್ಟಿದ್ದ, ಅಂಗಿ ಬದಲಾಯಿಸಿದ್ದ. ಬೇಯುವಾಗಲೇ ಮನೆ ತುಂಬ ವಾಸನೆ. ಅವನು ಕಿಟಕಿಯನ್ನೂ ತೆರೆಯಲಿಲ್ಲ. ಕೂತು ಮೂರು ತುತ್ತು ತಿಂದ, ಅಮ್ಮಾ, ನನ್ನ ಎದುರಿಗೇ, ಅಗಿದು ನುಂಗಿದ. ಆಮೇಲೆ ಕೇಳಿದ, "ಗಾಳಿಮನೆ ಮುಚ್ಚಿದ್ಯಾ?" ಹೂಂ ಅಂದೆ. "ಎಷ್ಟು ದಿನ?" ಒಂಬತ್ತು ಅಂದೆ. ನೀರು ಕುಡಿದ. ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನೆಲ್ಲ ತಿಂದು ಮುಗಿಸಿದ. ಎದ್ದು ಹೋಗಿ ಕೈಗಾಡಿಯಲ್ಲಿ ಎಲ್ಲವನ್ನೂ ಹೇರಿಕೊಂಡು ಬಂಡೆಯಂಚಿನಿಂದ ಸಮುದ್ರಕ್ಕೆ ಎಸೆದ, ಐದು ಸಲ ಓಡಾಡಿದ, ನನ್ನನ್ನು ಕರೆಯಲಿಲ್ಲ. ಕತ್ತಲಾಗುವ ತನಕ ಕಡಲಹಕ್ಕಿಗಳ ಕಿರುಚಾಟ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಎರಡೇ ದಿನಕ್ಕೆ ನೀನು ಫೋನಿನಲ್ಲಿ ಅದನ್ನೇ ಕೇಳಿದೆ. "ಕಳಿಸ್ತೀನಿ, ಸುನ್ನಿವಾ ಬರ್ತಾಳಲ್ಲ, ಅವಳ ಕೈಲಿ ಕಳಿಸ್ತೀನಿ" ಎಂದು ಅಪ್ಪ ಹೇಳುವಾಗ ಅವನ ಕಣ್ಣು ಗೋಡೆಯ ಮೇಲಿತ್ತು. ಅವತ್ತೇ ಸಂಜೆ ಪಕ್ಕದ ಮನೆಗೆ ಹೋಗಿ ಯಾಕೂಪ್ ಮಾವನಿಂದ ಒಂದು ತೊಡೆ ತಂದ. ಮಾವ ಒಂದು ಮಾತೂ ಕೇಳದೆ, ಇದ್ದುದರಲ್ಲಿ ಒಳ್ಳೆಯದನ್ನೇ ಕೊಟ್ಟಿದ್ದಾನೆ. ಸುನ್ನಿವಾ ಅತ್ತೆ ಅದನ್ನು ಬೇಯಿಸಿ, ಸೂಪು ಮಾಡಿ, ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ನಮ್ಮದೇ ಎಂದು ನಿನಗೆ ಹೇಳುವುದೆಂದು ಅಪ್ಪ, ಅತ್ತೆ ಇಬ್ಬರೂ ಸೇರಿ ತೀರ್ಮಾನಿಸಿದ್ದಾರೆ. ಮೊದಲ ತುತ್ತಿಗೇ ಅಮ್ಮನಿಗೆ ಗೊತ್ತಾಗುತ್ತದೆ ಎಂದೆ. ಯಾವ ಮನೆಗೆ ಹೋದರೂ, ಕಣ್ಣು ಕಟ್ಟಿದರೂ, ಇದು ಯಾರ ಗಾಳಿಮನೆಯದು ಎಂದು ಹೇಳುವವಳು ನೀನು. ಮಾವನ ಗಾಳಿಮನೆ ದಡದಲ್ಲೇ ಇದೆ, ಉಪ್ಪು ಹನಿ ದಿನವಿಡೀ ಹೊಡೆಯುತ್ತದೆ. "ಯಾಕೂಪನ ಮಾಂಸ ತಿಂದ್ರೆ ಅರ್ಧ ಸಮುದ್ರ ಕುಡಿದ ಹಾಗೆ" ಎಂದು ಅವನ ಮುಖಕ್ಕೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆಯಲ್ಲ.

ಅದಕ್ಕೆ ಅತ್ತೆ, "ಔಷಧಿಗೆ ಅವಳ ನಾಲಿಗೆಯೆಲ್ಲ ಸುಟ್ಟುಹೋಗಿದೆ ಕಣೇ, ನೀರೂ ಕಬ್ಬಿಣ ಕಬ್ಬಿಣ ಅಂತಾಳೆ. ಅವಳಿಗೆ ಏನು ಗೊತ್ತಾಗುತ್ತೆ? ಇಷ್ಟು ದಿನ ಎಲ್ಲಿದ್ದೆ ನೀನು, ಈಗ ಬಂದ್ಲು ಸತ್ಯವಂತೆ!" ಅಂದರು. ಎಲ್ಲಿದ್ದೆ ಎಂಬುದನ್ನು ಮೇಲೆ ಬರೆದಿದ್ದೇನೆ. ಉಳಿದದ್ದಕ್ಕೆ ನನ್ನ ಉತ್ತರ ಇದು. ನೀನು ಆ ಸೂಪು ಬಾಯಿಗಿಟ್ಟು, ಇದು ನಮ್ಮದು ಎಂದು ನಂಬಿ, ನಮ್ಮದರ ರುಚಿ ಸಿಗದೆ ಹೋದರೆ ಏನಂದುಕೊಳ್ಳುತ್ತೀಯ? ಮನೆಯ ರುಚಿಯೂ ತನ್ನನ್ನು ಬಿಟ್ಟುಹೋಯಿತು ಅಂದುಕೊಳ್ಳುತ್ತೀಯ. ಆ ಬಿಳಿ ಕೋಣೆಯಲ್ಲಿ ಒಬ್ಬಳೇ ಕೂತು ಹಾಗೆ ಅಂದುಕೊಳ್ಳುವುದು ನನಗೆ ಬೇಡ. ಅಮ್ಮಾ, ಬೇರೆ ಅನ್ನಿಸಿದರೆ ಅದು ಬೇರೆಯೇ. ನಿನ್ನ ನಾಲಿಗೆ ಸರಿಯಾಗಿದೆ. ತಪ್ಪು ನನ್ನದು, ಉಪ್ಪು ಯಾಕೂಪ್ ಮಾವನದು. ಆದರೂ ತಿನ್ನು. ದಯವಿಟ್ಟು ತಿನ್ನು.

ಕಾಗದದಲ್ಲಿ ಏನಿದೆ ಎಂದು ಅತ್ತೆಗೆ ಹೇಳಿಯೇ ಕೊಡುತ್ತಿದ್ದೇನೆ. "ನಿಮ್ಮಮ್ಮನ ಪ್ರಾಣ ತೆಗೀತೀಯ ನೀನು" ಎಂದರು, ಆಮೇಲೆ ಕೈಚೀಲದ ಒಳಜೇಬಿನ ಜಿಪ್ಪು ತೆರೆದು ಹಿಡಿದರು. ಅಪ್ಪನ ಪ್ರೀತಿ ನಿನಗೆ. ಅವನು ಹಾಗೆಂದು ಹೇಳಿಲ್ಲ, ಆದರೆ ನಿನ್ನ ಉಣ್ಣೆಯ ಕಾಲುಚೀಲಗಳನ್ನು ಒಲೆಯ ಮೇಲೆ ಬೆಚ್ಚಗೆ ಮಾಡಿ ಮಡಿಸಿ ಇಟ್ಟಿದ್ದಾನೆ, ಕೋಪನ್‌ಹೇಗನ್ ತಲುಪುವ ತನಕ ಆ ಬಿಸಿ ಇರುತ್ತದೆಯೇನೋ ಎಂಬಂತೆ. ದೇವರು ನಿನ್ನನ್ನು ಕಾಯಲಿ. ನಾನು ಕೇಳಿದರೆ ಅವನು ಕೇಳಿಸಿಕೊಳ್ಳುತ್ತಾನೋ ಗೊತ್ತಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನ,
ರಾನ್ವಾ

ಮತ್ತೆ: ಇದನ್ನು ಹೇಳಲು ಮರೆತಿದ್ದೆ ಎಂದು ಬರೆಯಬಹುದಿತ್ತು, ಮರೆತಿರಲಿಲ್ಲ, ಹೇಳಲು ಧೈರ್ಯವಿರಲಿಲ್ಲ. ಅತ್ತೆ ಹೊರಗೆ ಕಾರಿನಲ್ಲಿ ಕೂತು ಹಾರ್ನ್ ಹೊಡೆಸುತ್ತಿದ್ದಾರೆ. ಈ ಮಾಂಸ ನಿನಗೆ ಕೊಡಬಹುದೇ ಎಂದು ಗುರುವಾರ ನಿನ್ನ ವಾರ್ಡಿಗೆ ಫೋನ್ ಮಾಡಿದ್ದೆ. ಆಗಸ್ಟಿನಲ್ಲಿ ಅವರು ಎರಡು ಪುಟದ ಪಟ್ಟಿ ಕೊಟ್ಟಿದ್ದರು, ತಿನ್ನಬಾರದ್ದೆಲ್ಲ ಅದರಲ್ಲಿತ್ತು, ಇಂಥ ಮಾಂಸವೂ ಇತ್ತು. "ಈಗ ಅವರು ಏನು ಇಷ್ಟಪಟ್ರೂ ತಿನ್ನಬಹುದು" ಅಂದಳು ನರ್ಸು. ಹಾಗಾದರೆ ಆ ಪಟ್ಟಿ? ಅಂದೆ. "ಪಟ್ಟಿ ಇನ್ನು ಬೇಕಾಗಿಲ್ಲ. ಅಮ್ಮನನ್ನೇ ಕೇಳಿ" ಅಂದಳು. ಅಪ್ಪನಿಗೆ ನಾನು ಮೊದಲ ಮಾತು ಮಾತ್ರ ಹೇಳಿದೆ. "ಏನು ಬೇಕಾದ್ರೂ ತಿನ್ನಬಹುದಂತೆ!" ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಅಮ್ಮಾ, ನಾನು ಎಲ್ಲವನ್ನೂ ಹೇಳಿದ್ದೇನೆ, ಈಗ ನೀನು ಹೇಳು. ಪಟ್ಟಿಯ ಹಾಗೆ ಔಷಧಿಯೂ ಇನ್ನು ಬೇಕಾಗಿಲ್ಲವೆಂದು ನಿನಗೆ ಗೊತ್ತಿದ್ದರೆ ನಮಗೋಸ್ಕರ ಅಲ್ಲಿ ಉಳಿಯಬೇಡ. ಅತ್ತೆ ಶುಕ್ರವಾರದ ವಿಮಾನಕ್ಕೆ ವಾಪಸು ಬರುತ್ತಾರೆ. ಅವರ ಪಕ್ಕದ ಸೀಟು ಖಾಲಿಯಿದೆ, ಕೇಳಿ ತಿಳಿದುಕೊಂಡಿದ್ದೇನೆ.