ಏಳನೇ ಲೆಕ್ಕ

ಜೂನ್ 3, ಸೋಮವಾರ. ಬೆಳಿಗ್ಗೆ 8.10

ಇವತ್ತೂ ಐದಕ್ಕೇ ಎಚ್ಚರ. ಸ್ನಾನ ಆಯ್ತು, ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದೂ ಆಯ್ತು. ಚಪ್ಪಲಿ ಮೆಟ್ಟುವಾಗ ನೆನಪಾಯ್ತು — ಹೋಗಲು ಶಾಲೆಯೇ ಇಲ್ಲ. ನಿವೃತ್ತಿಯಾಗಿ ಅರವತ್ನಾಲ್ಕು ದಿನ. ಮೂವತ್ಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದೇನೆ. ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಚಪ್ಪಲಿ ಕಳಚಿ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿದೆ. ಎತ್ತರದ ಪ್ರಕಾರ ಜೋಡಿಸಿದೆ. ತಂಗಿ ಎದ್ದು ಬಂದು ಸಕ್ಕರೆ ಹುಡುಕಿ, ಟೀಗೆ ಉಪ್ಪು ಹಾಕಿಕೊಂಡಳು.

“ಅಕ್ಕಾ, ನಿಂಗೆ ಕೈ ಮುಗೀತೀನಿ. ಸಂಬಳ ಕೊಡದಿದ್ರೂ ಪರವಾಗಿಲ್ಲ, ಎಲ್ಲಾದ್ರೂ ಒಂದು ಕೆಲಸಕ್ಕೆ ಸೇರ್ಕೋ.”

ಹಾಗಂದು ಕೆಳಗಿಳಿದು ಹೋದಳು. ನೆಲಮಹಡಿಯಲ್ಲಿ ಅವಳದು ಜೆರಾಕ್ಸ್ ಅಂಗಡಿ. ಮೆಷಿನ್ ಶುರುವಾದ ಸದ್ದು ಇಲ್ಲಿಗೆ ಕೇಳುತ್ತಿದೆ. ನಿಜ ಹೇಳಬೇಕೆಂದರೆ ಆ ಮೆಷಿನ್ನಿನ ಮೇಲೂ ಹೊಟ್ಟೆಕಿಚ್ಚು.

ಜೂನ್ 5, ಬುಧವಾರ

ಅಂಗಡಿಯಲ್ಲಿ ಕೂತಿದ್ದೆ. ಈ ಸುತ್ತಮುತ್ತ ಯಾರು ಏನು ಒಳ್ಳೇ ಕೆಲಸ ಮಾಡಬೇಕೆಂದರೂ ಮೊದಲು ತಂಗಿಯ ಹತ್ತಿರ ನೂರು ಪ್ರತಿ ತೆಗೆಸಬೇಕು. ಹಾಳಾದ ಪ್ರತಿಗಳು ಬುಟ್ಟಿಯಲ್ಲಿ. ಕೆದಕಿದೆ. “ಸ್ವಯಂಸೇವಕರು ಬೇಕಾಗಿದ್ದಾರೆ” — ನಾಯಿಗಳ ಆಶ್ರಯಧಾಮ. ಆಸ್ಪತ್ರೆಯ ಹೆಲ್ಪ್ ಡೆಸ್ಕ್. ಪಾರ್ಕಿನಲ್ಲಿ ಗಿಡ ನೆಡುವವರು (ಮಂಡಿನೋವು, ಆಗದು). ಮತ್ತೊಂದು ಅರ್ಧ ಮಸಿ ಹಿಡಿದದ್ದು, ಫೋನ್ ನಂಬರೇ ಇಲ್ಲ.

ಎಲ್ಲದರಲ್ಲೂ ಕಾಗುಣಿತ ತಪ್ಪು. ಕೆಂಪು ಪೆನ್ನು ತೆಗೆದೆ. ತಂಗಿ ಕಿತ್ತಿಟ್ಟುಕೊಂಡಳು.

ಜೂನ್ 9, ಭಾನುವಾರ

ನಾಯಿಗಳು. ಹನ್ನೊಂದು. ಊಟದ ಹೊತ್ತಿಗೆ ಎಲ್ಲ ಒಟ್ಟಿಗೆ ಮೈಮೇಲೆ. “ಸಾಲಾಗಿ ನಿಲ್ಲಿ!” ಅಂತ ಕೂಗಿಬಿಟ್ಟೆ. ನಾಯಿಗಳು ಕೇಳಲಿಲ್ಲ, ಅಲ್ಲಿದ್ದ ಇಬ್ಬರು ಕಾಲೇಜು ಹುಡುಗಿಯರು ನಿಂತರು. ಮೈತುಂಬ ಕೂದಲು. ಸಾಕು.

ಜೂನ್ 14, ಶುಕ್ರವಾರ. ಸಂಜೆ

ಹೆಲ್ಪ್ ಡೆಸ್ಕ್. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆ. ಚೆನ್ನಾಗಿಯೇ ಇತ್ತು. ಆಮೇಲೆ ಒಬ್ಬಾತ ಸರದಿ ಮುರಿದು ಮುಂದೆ ಬಂದ. ಹಿಡಿದು ಹಿಂದಕ್ಕೆ ಕಳಿಸಿದೆ, ಎರಡು ಮಾತು ಬೈದೂ ಬೈದೆ. ಹೃದಯದ ಡಾಕ್ಟರಂತೆ. ಕೋಟು ಕೈಯಲ್ಲಿ ಹಿಡಿದಿದ್ದರೆ ನನಗೆ ಹೇಗೆ ಗೊತ್ತಾಗಬೇಕು?

“ಫೋನ್ ಮಾಡ್ತೀವಿ ಮೇಡಂ” ಅಂದಳು ಮೇಲ್ವಿಚಾರಕಿ. ಆ ದನಿ ನನಗೆ ಗೊತ್ತು. ಫೇಲಾಗುವ ಮಕ್ಕಳ ತಂದೆತಾಯಿಗೆ ನಾನೇ ಎಷ್ಟು ಸಲ ಹಾಗೆ ಮಾತಾಡಿದ್ದೇನೆ.

ಜೂನ್ 22, ಶನಿವಾರ

ಫೋನಿಲ್ಲ. ಡಬ್ಬಗಳನ್ನು ಈ ಸಲ ಬಣ್ಣದ ಪ್ರಕಾರ… ಬೇಡ. ಅಳು ಬಂತು. ಸುಮ್ಮನೆ ಬಂತು.

ಜೂನ್ 23, ಭಾನುವಾರ. ಮಧ್ಯಾಹ್ನ

ತಂಗಿ ಒಂದು ಹಾಳೆ ತಂದುಕೊಟ್ಟಳು. ಕಣ್ಣು ಕಾಣದವರು ಪರೀಕ್ಷೆಯಲ್ಲಿ ಬಾಯಲ್ಲಿ ಹೇಳಿದ್ದನ್ನು ಬರೆದುಕೊಡುವವರು ಬೇಕಂತೆ. ಸ್ಕ್ರೈಬ್ ಅನ್ನುತ್ತಾರೆ. ಲೈಬ್ರರಿಯ ಮೇಲಿನ ಕೋಣೆಯಲ್ಲಿ ಸಂಘದ ಆಫೀಸು. ನಿಂತ ಕಾಲಲ್ಲೇ ಹೋದೆ.

ಎರಡೂ ಕೈಯಲ್ಲಿ ಒಂದೊಂದು ಫೋನ್ ಹಿಡಿದ ಮನುಷ್ಯ, ಅಲ್ಲಿನ ಕಾರ್ಯದರ್ಶಿ. ಅಕ್ಷರ ನೋಡಿ ಖುಷಿಪಟ್ಟ. “ಒಂದೇ ಒಂದು ಕಂಡೀಷನ್ ಮೇಡಂ. ಬರೆಯೋರಿಗೆ ಆ ಸಬ್ಜೆಕ್ಟ್ ಗೊತ್ತಿರಬಾರದು. ನೀವು ಟೀಚರ್ ಏನಾದ್ರೂ ಆಗಿದ್ರಾ? ಈಗ ಬೇಕಾಗಿರೋದು ಸಾಮಾನ್ಯ ಜ್ಞಾನ, ಲೆಕ್ಕ — ಅಷ್ಟೇ.”

ಅರ್ಜಿಯಲ್ಲಿ ‘ಹಿಂದಿನ ವೃತ್ತಿ’ ಅಂತ ಒಂದು ಗೆರೆ. ನಾಯಿಗಳು ನೆನಪಾದವು, ಮೇಲ್ವಿಚಾರಕಿಯ ದನಿ ನೆನಪಾಯ್ತು. ‘ಕಚೇರಿ ಕೆಲಸ’ ಅಂತ ಬರೆದೆ. ಶಾಲೆಯಲ್ಲೂ ಒಂದು ಕಚೇರಿ ಇತ್ತಲ್ಲ.

ಜುಲೈ 2, ಮಂಗಳವಾರ

ನಾನು ಯಾರಿಗೆ ಬರೆಯಬೇಕೋ ಅವಳನ್ನು ಇವತ್ತು ನೋಡಿದೆ. ಮೂವತ್ನಾಲ್ಕು ವರ್ಷ. ಒಂದು ದೊಡ್ಡ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್, ತಾತ್ಕಾಲಿಕ. ಒಂಬತ್ತು ವರ್ಷದಿಂದ ತಾತ್ಕಾಲಿಕ! ಅದೇ ಕೆಲಸ ಖಾಯಂ ಆಗಲು ಈ ಪರೀಕ್ಷೆ ಪಾಸಾಗಬೇಕು. ವಯಸ್ಸಿನ ಮಿತಿ ಮುಗಿಯುತ್ತಿದೆ, ಇದೇ ಕೊನೆಯ ಸಲ. ಮುನ್ನೂರು ಎಕ್ಸ್‌ಟೆನ್ಷನ್ ನಂಬರು ತಲೆಯಲ್ಲೇ ಇಟ್ಟುಕೊಂಡಿದ್ದಾಳೆ. ನನ್ನ ಫೋನ್ ನಂಬರ್ ಒಂದೇ ಸಲ ಕೇಳಿ ಹಿಂದುಮುಂದಾಗಿ ಹೇಳಿ ನಕ್ಕಳು.

“ಅಮ್ಮ, ನಿಮ್ಮ ದನಿ ಟೀಚರ್ ದನಿ ಇದ್ದ ಹಾಗಿದೆ.”

“ಇಲ್ಲಮ್ಮ. ಆಫೀಸಲ್ಲಿದ್ದೆ.”

“ಒಳ್ಳೇದಾಯ್ತು ಬಿಡಿ. ಹೋದ ಸಲ ಬರೆದವರು ಮಹಾ ಬುದ್ಧಿವಂತರು. ನಾನು ಒಂದು ಹೇಳಿದ್ರೆ ಅವರು ಒಂದು ಬರೀತಿದ್ರು. ಅವರ ಬುದ್ಧಿಗೆ ನಾನು ಫೇಲು. ತಪ್ಪಾದ್ರೆ ನಂದೇ ತಪ್ಪಾಗ್ಲಿ ಅಮ್ಮ. ನಾನು ಹೇಳಿದಷ್ಟೇ ಬರೀರಿ.”

ಆಗಲಿ ಅಂದೆ. ಹತ್ತು ಲೆಕ್ಕ ಅಭ್ಯಾಸ ಮಾಡಿದೆವು. ಎರಡರಲ್ಲಿ ಎಡವಿದಳು. ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಮೈಯೆಲ್ಲ ಬೆವರು.

ಜುಲೈ 9, ಮಂಗಳವಾರ

ದಿನಾ ಸಂಜೆ ಅವಳ ಕೋಣೆಗೆ ಹೋಗುತ್ತಿದ್ದೇನೆ. ಒಂದು ಕಿಟಕಿ, ಮಂಚ, ರೇಡಿಯೊ. ಹೇಳುವ ವೇಗ, ಬರೆಯುವ ವೇಗ ಹೊಂದಿಕೊಂಡಿದೆ. ನಿನ್ನೆಯಿಂದ ಆರಕ್ಕೆ ಎಚ್ಚರ! ತಂಗಿ ಡಬ್ಬಗಳನ್ನು ತನ್ನ ಇಷ್ಟದಂತೆ ಇಟ್ಟುಕೊಂಡಿದ್ದಾಳೆ, ನಾನು ಆ ಕಡೆ ತಲೆ ಹಾಕಿಲ್ಲ.

ಇವಳು ಪಾಸಾಗಬೇಕು. ನನ್ನ ಯಾವ ತರಗತಿಯ ಮಕ್ಕಳ ಬಗ್ಗೆಯೂ ಹೀಗೆ ಜೀವ ಹೊಡೆದುಕೊಂಡಿರಲಿಲ್ಲ.

ಜುಲೈ 13, ಶನಿವಾರ. ಸಂಜೆ 5

ಪರೀಕ್ಷೆ ಮುಗಿಯಿತು. ಚೆನ್ನಾಗಾಯಿತು. ತಲೆನೋವು, ಮಲಗುತ್ತೇನೆ.

ಜುಲೈ 14, ಭಾನುವಾರ. ಬೆಳಿಗ್ಗೆ 5

ಸುಳ್ಳು ಬರೆದೆ, ನನ್ನದೇ ಡೈರಿಯಲ್ಲಿ. ಇಲ್ಲಾದರೂ ನೆಟ್ಟಗೆ ಬರೆಯಬೇಕು.

ಏಳನೇ ಲೆಕ್ಕ, ಐದು ಅಂಕ. ಸಭಾಂಗಣದಲ್ಲಿ ಇಪ್ಪತ್ನಾಲ್ಕು ಸಾಲು, ಸಾಲಿಗೆ ಹದಿನೇಳು ಕುರ್ಚಿ. ನಲವತ್ತೆಂಟು ಮುರಿದಿವೆ. ಉಳಿದವನ್ನು ಹನ್ನೆರಡು ಕೋಣೆಗೆ ಸಮನಾಗಿ ಹಂಚಬೇಕು. ಅವಳು ತಲೆಯಲ್ಲೇ ಗುಣಿಸಿ “ಮುನ್ನೂರ ತೊಂಬತ್ತೆಂಟು” ಅಂದಳು. ನಾನೂರ ಎಂಟು ಅಂತ ಬರೆದೆ.

ಬೇಕೆಂದು ಬರೆದದ್ದಲ್ಲ. ದೇವರಾಣೆ. ಮೂವತ್ಮೂರು ವರ್ಷ ಕರಿಹಲಗೆಯ ಮೇಲೆ ತಪ್ಪು ಉತ್ತರ ಬರೆದು ಗೊತ್ತಿಲ್ಲದ ಕೈ. ಬರೆದ ಮೇಲೆ ನೋಡಿದೆ. ಹೊಡೆದು ಹಾಕಬಹುದಿತ್ತು. ಮೇಲ್ವಿಚಾರಕ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ.

ಅವಳು ಮುರಿದ ನಲವತ್ತೆಂಟು ಕಳೆದು, ಹನ್ನೆರಡರಿಂದ ಭಾಗಿಸಿದಳು. ಇಪ್ಪತ್ತೊಂಬತ್ತು, ಶೇಷ ಎರಡು. “ಸಮನಾಗಿ ಹಂಚೋದಾದ್ರೆ ಶೇಷ ಬರಬಾರದಲ್ಲ… ಅಮ್ಮ, ಗುಣಾಕಾರ ಏನ್ ಬರೆದಿದೀರಿ, ಓದಿ.”

ಹಾಳೆಯ ಮೇಲೆ ನಾನೂರ ಎಂಟು. “ಮುನ್ನೂರ ತೊಂಬತ್ತೆಂಟು” ಅಂದೆ.

ಯಾಕೆ ಅಂದೆ? ಹೆದರಿಕೆ. ಕದ್ದದ್ದು ಸಿಕ್ಕಿಬಿದ್ದಂತಾಯಿತು. ಅವಳು ಒಂದು ಕ್ಷಣ ಯೋಚಿಸಿದಳು. “ಹೋಗ್ಲಿ, ಟೈಮಿಲ್ಲ. ಇಪ್ಪತ್ತೊಂಬತ್ತು ಅಂತ ಬರೆದು ಮುಂದಿನದಕ್ಕೆ ಹೋಗೋಣ.” ಮೇಲೆ ನಾನೂರ ಎಂಟು ಇಟ್ಟುಕೊಂಡು ಕೆಳಗೆ ಇಪ್ಪತ್ತೊಂಬತ್ತು ಹೇಗೆ ಬರೆಯಲಿ? ಮೂವತ್ತು ಅಂತ ಬರೆದೆ. ಇದು ಮಾತ್ರ ತಿಳಿದೂ ತಿಳಿದೂ ಬರೆದದ್ದು.

ಜುಲೈ 15, ಸೋಮವಾರ

ಫೋನ್ ಮಾಡಿದಳು. “ಏಳನೇದು ಮನೆಗೆ ಬಂದು ಇನ್ನೊಂದ್ಸಲ ಮಾಡಿ ನೋಡಿದೆ ಅಮ್ಮ. ತಪ್ಪು ಮಾಡ್ಬಿಟ್ಟಿದೀನಿ. ಐದು ಹೋಯ್ತು.” ಹೇಳುವುದಕ್ಕೆ ಬಾಯಿ ತೆರೆದೆ. “ನೀವು ಬೇಜಾರ್ ಮಾಡ್ಕೋಬೇಡಿ, ನೀವು ಸರಿಯಾಗೇ ಬರೆದಿದೀರಿ” ಅಂದಳು. ಬಾಯಿ ಮುಚ್ಚಿಕೊಂಡೆ.

ಆಗಸ್ಟ್ 20, ಮಂಗಳವಾರ

ಡೈರಿ ಮುಟ್ಟಿ ತಿಂಗಳ ಮೇಲಾಯಿತು. ಕಾರ್ಯದರ್ಶಿ ಮೂರು ಸಲ ಬೇರೆ ಪರೀಕ್ಷೆಗೆ ಕರೆದ. ಕೈನೋವು ಅಂದೆ. ಊರೆಲ್ಲ ಸುತ್ತುತ್ತೇನೆ. ಮನೆಯಲ್ಲಿ ಕೂತರೆ ನಿಲ್ಲಬೇಕು ಅನಿಸುತ್ತದೆ, ನಿಂತರೆ ಹೊರಗೆ ಹೋಗಬೇಕು ಅನಿಸುತ್ತದೆ.

ಇವತ್ತು ಫಲಿತಾಂಶ. ಪಾಸಾಗಲು ಅರವತ್ತು. ಅವಳಿಗೆ ಅರವತ್ಮೂರು.

ತಂಗಿ ಅಂಗಡಿಯಿಂದಲೇ ಕೂಗಿ ಹೇಳಿದಳು. ಮಂಡಿನೋವು ಮರೆತು, ಖುಷಿಯಿಂದ ಮೆಟ್ಟಿಲು ಇಳಿದು ಓಡಿದೆ. ಹೌದು, ಮೊದಲು ಖುಷಿಯೇ ಆದದ್ದು. ಆಮೇಲೆ ಅರವತ್ಮೂರರಲ್ಲಿ ಐದು ಕಳೆದೆ. ಅದನ್ನು ಕಳೆಯಲು ಗಣಿತ ಟೀಚರೇ ಆಗಬೇಕಿಲ್ಲ.

ಆಗಸ್ಟ್ 21, ಬುಧವಾರ. ಬೆಳಿಗ್ಗೆ

“ಕಂಗ್ರಾಜುಲೇಷನ್ಸ್ ಅಮ್ಮಾ” ಅಂತ ಅವಳೇ ನನಗೆ ಹೇಳಿದಳು, ಫೋನಿನಲ್ಲಿ. ಆಮೇಲೆ ಮಾತು ಬದಲಿಸಿದಳು. “ಒಂದು ವಿಷ್ಯ. ನನ್ನ ಲೆಕ್ಕದಲ್ಲಿ ಐವತ್ತೆಂಟು ಬರಬೇಕಿತ್ತು. ಒಂದೊಂದು ಪ್ರಶ್ನೆನೂ ನೆನಪಿದೆ ನಂಗೆ. ಐದು ಎಲ್ಲಿಂದ ಬಂತು?”

“ಕರುಣೆಯಿಂದ ಕೊಟ್ಟಿರಬಹುದು.”

“ಅದೇ ಆಗಿದ್ರೆ ಇನ್ನೂ ಕೆಟ್ಟದ್ದು” ಅಂದಳು. “ಉತ್ತರಪತ್ರಿಕೆ ಪ್ರತಿಗೆ ಅರ್ಜಿ ಹಾಕ್ತೀನಿ. ಬಂದ್ಮೇಲೆ ನೀವೇ ಓದಿ ಹೇಳ್ಬೇಕು. ನಿಮ್ಮ ಅಕ್ಷರ ನಿಮಗೇ ಚೆನ್ನಾಗಿ ಗೊತ್ತಿರುತ್ತೆ.”

ಸೆಪ್ಟೆಂಬರ್ 12, ಗುರುವಾರ

ಪ್ರತಿ ಬಂದಿದೆಯಂತೆ. ಶನಿವಾರ ನಾಲ್ಕಕ್ಕೆ ನಮ್ಮ ಮನೆಗೆ ಬರುತ್ತಾಳೆ.

ತಂಗಿಗೆ ಎಲ್ಲ ಹೇಳಿದೆ. ಕಟ್ಟುತ್ತಿದ್ದ ಹಾಳೆಗಳ ಕಟ್ಟನ್ನು ಕೆಳಗಿಟ್ಟಳು.

“ಸುಮ್ನೆ ಮುನ್ನೂರ ತೊಂಬತ್ತೆಂಟು ಅಂತ ಓದು. ತಿದ್ದಿದೋರು ಕಣ್ತಪ್ಪಿ ಐದು ಕೊಟ್ರು ಅನ್ಕೊಳ್ತಾಳೆ. ಕಥೆ ಮುಗೀತು.”

“ಇನ್ನೊಂದು ಸುಳ್ಳು.”

“ಅಕ್ಕಾ, ನೀನು ಅವಳಿಗೆ ಐದು ಕೊಟ್ಟಿದೀಯ, ಕಿತ್ಕೊಂಡಿಲ್ಲ. ಒಂಬತ್ತು ವರ್ಷ ದುಡಿದಿದಾಳೆ. ಆ ಕೆಲಸ ಅವಳದ್ದೇ ಅಲ್ವಾ? ನಿನ್ನ ಮನಸ್ಸಿನ ಸಮಾಧಾನಕ್ಕೆ ಅವಳ ಅನ್ನ ಕಳೀಬೇಡ.”

ಮೇಲೆ ಬಂದು ಇದನ್ನು ಬರೆಯುತ್ತಿದ್ದೇನೆ. ತಂಗಿ ಹೇಳಿದ್ದರಲ್ಲಿ ತಪ್ಪೇನಿದೆ?

ಸೆಪ್ಟೆಂಬರ್ 14, ಶನಿವಾರ. ಮಧ್ಯಾಹ್ನ 3.30

ಕುರ್ಚಿ ಜರುಗಿಸಿದೆ. ಮತ್ತೆ ಜರುಗಿಸಿದೆ. ಹಾಗೇ ಓದಿಬಿಡುತ್ತೇನೆ. ಮುನ್ನೂರ ತೊಂಬತ್ತೆಂಟು, ಇಪ್ಪತ್ತೊಂಬತ್ತು. ನಾಲ್ಕು ಸಲ ಬಾಯಿಪಾಠ ಮಾಡಿದೆ.

ಸಂಜೆ 5.40

ಹೋದಳು. ಮರೆಯುವ ಮುಂಚೆ ಬರೆದಿಡಬೇಕು.

ಮೊದಲಿಂದ ಓದಿದೆ. ಒಂದೊಂದಕ್ಕೂ “ಹೂಂ” ಅನ್ನುತ್ತ ಬೆರಳು ಮಡಚುತ್ತಿದ್ದಳು. ಏಳನೇದು ಬಂತು. ಬಾಯಿಪಾಠ ಮಾಡಿದ್ದು ನಾಲಿಗೆಯ ತುದಿಯಲ್ಲಿತ್ತು. ಅವಳು ಮುಂದಕ್ಕೆ ಬಾಗಿದ್ದಳು, ಕಿವಿ ನನ್ನ ಕಡೆಗೆ. ಆಗಲಿಲ್ಲ.

“ನಾನೂರ ಎಂಟು” ಅಂದೆ. “ಕೊನೆಗೆ ಮೂವತ್ತು.”

ಬೆರಳು ಅರ್ಧ ಮಡಚಿ ನಿಂತಿತು. “ನಾನು ಹೇಳಿದ್ದು?”

“ಮುನ್ನೂರ ತೊಂಬತ್ತೆಂಟು. ಇಪ್ಪತ್ತೊಂಬತ್ತು.”

“ಓದಿ ಅಂದಾಗ?”

“ಸುಳ್ಳು ಓದಿದೆ.”

ಕೆಳಗೆ ಮೆಷಿನ್ ನಿಂತಿತ್ತು. ತಂಗಿ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದಳೋ ಏನೋ.

“ನೀವು ಏನ್ ಕೆಲ್ಸದಲ್ಲಿದ್ರಿ, ನಿಜ ಹೇಳಿ.”

ಹೇಳಿದೆ. ಅಳುತ್ತಾಳೆ ಅಂದುಕೊಂಡೆ, ಬೈಯುತ್ತಾಳೆ ಅಂದುಕೊಂಡೆ. ನಕ್ಕುಬಿಟ್ಟಳು, ಒಂದೇ ಸಲ, ಚಿಕ್ಕದಾಗಿ. “ದನಿ ಕೇಳಿ ಅವತ್ತೇ ಗೊತ್ತಾಗಿತ್ತು. ನನ್ನ ಕಿವಿ ನಂಬದೆ ನಿಮ್ಮನ್ನ ನಂಬಿದೆ ನೋಡಿ.” ಆಮೇಲೆ ಮುಖ ಗಂಟಾಯಿತು. “ಶೇಷ ಬಂದಾಗಲೇ ಅನುಮಾನ ಬಂದಿತ್ತು. ನೀವು ನಾನೂರ ಎಂಟು ಅಂತ ಓದಿದ್ರೆ, ‘ನಾನು ಹಾಗೆ ಹೇಳಿಲ್ಲ’ ಅಂತ ಅಲ್ಲೇ ಜಗಳ ಆಡ್ತಿದ್ದೆ. ಜಗಳ ಆಡ್ತಾ ನನ್ನ ತಪ್ಪೂ ನಂಗೆ ಸಿಕ್ತಿತ್ತು. ಐದು ನಂದೇ ಆಗ್ತಿತ್ತು ಅಮ್ಮ.”

ಇದು ನನಗೆ ಹೊಳೆದೇ ಇರಲಿಲ್ಲ. ಎರಡು ತಿಂಗಳು ಕೊಟ್ಟೆ ಕೊಟ್ಟೆ ಅಂದುಕೊಂಡಿದ್ದೆ.

ಸುಮ್ಮನಿರಮ್ಮ, ಕೆಲಸ ತೆಗೆದುಕೋ, ಯಾರಿಗೂ ಗೊತ್ತಾಗಲ್ಲ ಅಂದೆ. ಕೈ ಹಿಡಿದುಕೊಂಡು ಬೇಡಿದೆ.

“ನಂಗೆ ಗೊತ್ತಾಯ್ತಲ್ಲ” ಅಂದಳು. ಒಂದು ಹಾಳೆ ತೆಗೆದುಕೊಳ್ಳಲು ಹೇಳಿದಳು. ಪರೀಕ್ಷಾ ಕಚೇರಿಗೆ ಪತ್ರ. ಏಳನೇ ಪ್ರಶ್ನೆಯ ಉತ್ತರ ನನ್ನದಲ್ಲ, ಅದರ ಅಂಕ ತೆಗೆಯಿರಿ, ಲೆಕ್ಕದ ಪತ್ರಿಕೆಯನ್ನು ಬೇರೆ ಸ್ಕ್ರೈಬ್ ಜೊತೆ ಮತ್ತೆ ಬರೆಯಲು ಅವಕಾಶ ಕೊಡಿ. ಕೊಡುತ್ತಾರೋ ಇಲ್ಲವೋ. ಕೊಡದಿದ್ದರೆ ಅವಳು ಮತ್ತೆ ತಾತ್ಕಾಲಿಕ. ಅಷ್ಟೂ ಗೊತ್ತಿದ್ದೇ ಹೇಳಿದಳು, ನಿಧಾನವಾಗಿ, ನನ್ನ ಕೈಯ ವೇಗಕ್ಕೆ. ನಡುವೆ ತಡೆದು ಕೇಳಿದೆ — ತಪ್ಪೆಲ್ಲ ನನ್ನದು ಅಂತ ಒಂದು ಸಾಲು ಸೇರಿಸಲೇ?

“ಬೇಡ. ಇದು ನನ್ನ ಪತ್ರ. ನಿಮ್ಮ ವಿಷ್ಯ ನೀವೇ ಬೇರೆ ಹಾಳೇಲಿ ಬರ್ಕೊಳ್ಳಿ.”

ಮುಗಿದ ಮೇಲೆ ಹಾಳೆಯನ್ನು ನನ್ನಿಂದ ಓದಿಸಲಿಲ್ಲ. ಕೆಳಗೆ ಹೋಗಿ ತಂಗಿಯಿಂದ ಓದಿಸಿ, ಹೆಬ್ಬೆಟ್ಟು ಒತ್ತಿ, ಎರಡು ಪ್ರತಿ ತೆಗೆಸಿಕೊಂಡು ಹೋದಳು. ಮೆಟ್ಟಿಲು ಇಳಿಯಲು ನನ್ನ ಕೈಯನ್ನೂ ಕೇಳಲಿಲ್ಲ.

ಸೆಪ್ಟೆಂಬರ್ 15, ಭಾನುವಾರ. ಬೆಳಿಗ್ಗೆ 6

ಇದು ಗೊತ್ತಾದರೆ ಕಾರ್ಯದರ್ಶಿ ಇನ್ನು ನನ್ನನ್ನು ಲೈಬ್ರರಿಯ ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಇರಲಿ. ಪರೀಕ್ಷಾ ಕಚೇರಿಗೆ ನನ್ನ ಪತ್ರ ಬರೆಯಲು ಕೂತು ಎರಡು ಹಾಳೆ ಹಾಳಾದವು. ಒಂದರಲ್ಲಿ ಕ್ಷಮೆ ಜಾಸ್ತಿ, ಒಂದರಲ್ಲಿ ನನ್ನ ಮೂವತ್ಮೂರು ವರ್ಷ ಜಾಸ್ತಿ. ಮೊದಲು ಇಲ್ಲಿ ಕರಡು ಮಾಡಿಕೊಂಡು ಆಮೇಲೆ ನೀಟಾಗಿ ಬರೆಯುತ್ತೇನೆ.

ಮಾನ್ಯರೇ,

ನಾನು ನಿವೃತ್ತ ಗಣಿತ ಶಿಕ್ಷಕಿ. ಅರ್ಜಿಯಲ್ಲಿ ಕಚೇರಿ ಕೆಲಸ ಎಂದು ಬರೆದದ್ದು ಸುಳ್ಳು. ಏಳನೇ ಪ್ರಶ್ನೆಗೆ ಅಭ್ಯರ್ಥಿಯು ಹೇಳಿದ್ದು ಮುನ್ನೂರ ತೊಂಬತ್ತೆಂಟು. ನಾನು ಬರೆದದ್ದು ನಾನೂರ ಎಂಟು.